ಮಾಳಿಗೆಯ ಭಾರ ಹೊತ್ತವರು ಯಾರು? – ಸುರಪುರ ಸೀಮೆಯ ಕಲ್ಲು, ತೊಲೆ, ಇಟ್ಟಂಗಿಗಳ ಇತಿಹಾಸ

ಯಾದಗಿರಿ ಜಿಲ್ಲೆಯ ಕಕ್ಕೇರಾದಲ್ಲಿ ನಮ್ಮ ಅಜ್ಜಿಯ ಮನೆ ಇತ್ತು. ಎರಡಡಿ ದಪ್ಪದ ಕಲ್ಲು-ಮಣ್ಣಿನ ಗೋಡೆ, ಬೇವಿನ ತೊಲೆ, ಅದರ ಮೇಲೆ ಮಣ್ಣಿನ ಮಾಳಿಗೆ. ನಾನು ಪ್ರಾಥಮಿಕ ಶಾಲೆಯಲ್ಲಿದ್ದಾಗ ಒಂದು ವರ್ಷ ಹಿಂಗಾರಿ ಮಳೆ ಮೂರು ದಿನ ಬಿಡದೆ ಸುರಿಯಿತು. ಎರಡನೆಯ ರಾತ್ರಿ ಅಜ್ಜಿ, "ಮಾಳಿಗಿ ಸೋರಾಕತ್ತದ, ಮ್ಯಾಲೆ ಹೋಗಿ ಮಣ್ಣು ಹಾಕಿ ತುಳೀರೋ" ಎಂದು ಕೂಗಿದಳು. ಸೋದರಮಾವಂದಿರಿಬ್ಬರು ಪುಟ್ಟಿಯಲ್ಲಿ ಕರ್ಲು ಮಣ್ಣು ಹೊತ್ತು ಮೇಲೇರಿದರು. ಮೂರನೆಯ ರಾತ್ರಿ ಪಡಸಾಲೆಯ ಮೇಲಿನ ಒಂದು ಜಂತಿ 'ಲಟ್' ಎಂದಿತು. ಮಕ್ಕಳನ್ನೂ ಕರುಗಳನ್ನೂ ಎಳೆದುಕೊಂಡು ಎಲ್ಲರೂ ಹೊರಬಿದ್ದು ಗುಡಿಯ ಕಟ್ಟೆಯ ಮೇಲೆ ಬೆಳಗು ಮಾಡಿದೆವು. ಮರುದಿನ ಕೆಳಗಿನಿಂದ ಟೇಕು ಕೊಟ್ಟು ಗೋಡೆ ಬಿಚ್ಚಿ ನೋಡಿದರೆ, ಹೊರಗೆ ಗಟ್ಟಿಯಾಗಿ ಕಾಣುತ್ತಿದ್ದ ಆ ಮರದ ತುದಿ ಗೋಡೆಯೊಳಗೆ ಒರಲೆ ತಿಂದು ಹಿಟ್ಟಾಗಿತ್ತು. ಗೋಡೆ ಮಾತ್ರ ಎಳ್ಳಷ್ಟೂ ಅಲುಗಿರಲಿಲ್ಲ.

ಕಟ್ಟಡ ಸಾಮಗ್ರಿಗಳ ಬಗ್ಗೆ ನಮ್ಮ ಪಠ್ಯಪುಸ್ತಕಗಳಲ್ಲಿ ಉದ್ದನೆಯ ಪಟ್ಟಿಗಳಿರುತ್ತವೆ. ಒಂದನೇ ದರ್ಜೆ ಇಟ್ಟಿಗೆ, ಎರಡನೇ ದರ್ಜೆ ಇಟ್ಟಿಗೆ, ಟೊಳ್ಳು ಬ್ಲಾಕು, ತೇಗ, ಬೀಟೆ, ಹೊನ್ನೆ ಎಂದು ಮಕ್ಕಳು ಉರು ಹೊಡೆಯುತ್ತಾರೆ. ಆದರೆ ಇವುಗಳಲ್ಲಿ ಯಾವುದು ಯಾವ ಬಲವನ್ನು ತಾಳುತ್ತದೆ ಎಂಬ ಪ್ರಶ್ನೆ ಆ ಪಟ್ಟಿಗಳಲ್ಲಿ ಕಾಣುವುದಿಲ್ಲ. ಆ ರಾತ್ರಿಯ 'ಲಟ್' ಸದ್ದು ಕೇಳಿದ್ದು ಅದೇ ಪ್ರಶ್ನೆಯನ್ನು. ಕೃಷ್ಣಾ ಮತ್ತು ಭೀಮಾ ನದಿಗಳ ನಡುವಿನ ನಮ್ಮ ಸೀಮೆಯ ಮನೆಗಳ ಇತಿಹಾಸವನ್ನು ಆ ಪ್ರಶ್ನೆಯನ್ನಿಟ್ಟುಕೊಂಡು ಓದಿದರೆ ಚೆನ್ನಾಗಿ ಅರ್ಥವಾಗುತ್ತದೆ ಎಂಬುದು ನನ್ನ ಅನುಭವ.

ಒತ್ತಿದರೆ ಗಟ್ಟಿ, ಎಳೆದರೆ ಬಿರುಕು

ಒಂದು ಸಣ್ಣ ಲೆಕ್ಕದಿಂದ ಪ್ರಾರಂಭಿಸೋಣ. ಸಾಧಾರಣ ಸುಟ್ಟ ಇಟ್ಟಿಗೆ ಪ್ರತಿ ಚದರ ಮಿಲಿಮೀಟರಿಗೆ 3.5 ನ್ಯೂಟನ್ ಒತ್ತಡವನ್ನು ತಾಳಬೇಕೆಂದು ಭಾರತೀಯ ಮಾನಕ 1077 ಕೆಳಗಿನ ವರ್ಗವೊಂದಕ್ಕೆ ಮಿತಿ ಹಾಕುತ್ತದೆ. ಇಟ್ಟಿಗೆಯ ಸಾಂದ್ರತೆ ಘನ ಮೀಟರಿಗೆ ಸುಮಾರು 1,800 ಕಿ.ಗ್ರಾಂ. ಹಾಗಾದರೆ ಇಟ್ಟಿಗೆಯ ಮೇಲೆ ಇಟ್ಟಿಗೆ ಇಡುತ್ತಾ ಹೋದರೆ, ತಳದ ಇಟ್ಟಿಗೆ ತನ್ನ ಮೇಲಿನ ಭಾರಕ್ಕೆ ಪುಡಿಯಾಗಬೇಕಾದರೆ ಕಂಬ ಎಷ್ಟು ಎತ್ತರವಿರಬೇಕು? ಭಾಗಿಸಿ ನೋಡಿ, ಸುಮಾರು 200 ಮೀಟರ್ ಬರುತ್ತದೆ! (ನಡುವಿನ ಗಾರೆ ಇಟ್ಟಿಗೆಗಿಂತ ಮೆದುವಾದ್ದರಿಂದ ನಿಜವಾದ ಗೋಡೆಯ ಬಲ ಇದಕ್ಕಿಂತ ಕಡಿಮೆ.) ನಮ್ಮ ಮನೆಯ ಗೋಡೆಯ ಎತ್ತರ 3 ಮೀಟರ್. ಅಂದರೆ ನೇರವಾಗಿ ಕೆಳಕ್ಕೆ ಒತ್ತುವ ಭಾರದಿಂದ ಗೋಡೆ ಕುಸಿಯುವುದು ಬಲು ಅಪರೂಪ.

ತೊಂದರೆ ಇರುವುದು ಅಡ್ಡಲಾಗಿ ಮಲಗಿದ ವಸ್ತುವಿನಲ್ಲಿ. ಎರಡು ಗೋಡೆಗಳ ಮೇಲಿಟ್ಟ ತೊಲೆಗೆ ಭಾರ ಬಿದ್ದಾಗ ಅದು ಕೊಂಚ ಬಾಗುತ್ತದೆ. ಅದರ ಮೇಲ್ಮೈ ಒತ್ತಿಕೊಳ್ಳುತ್ತದೆ, ಕೆಳಮೈ ಹಿಗ್ಗುತ್ತದೆ. ಕಲ್ಲು, ಇಟ್ಟಿಗೆ, ಒಣಮಣ್ಣು ಮೂರೂ ಒತ್ತಡವನ್ನು ಚೆನ್ನಾಗಿ ತಾಳುತ್ತವೆ. ಎಳೆತಕ್ಕೆ ಸಿಕ್ಕರೆ ಅದರ ಹತ್ತನೇ ಒಂದು ಭಾಗಕ್ಕೇ ಬಿರುಕು ಬಿಡುತ್ತವೆ. ಮರದ ಕಥೆ ಬೇರೆ. ಅದರ ನಾರುಗಳು ಉದ್ದಕ್ಕೂ ಹೆಣೆದುಕೊಂಡಿರುವುದರಿಂದ ಎಳೆತವನ್ನೂ ಒತ್ತಡವನ್ನೂ ಎರಡನ್ನೂ ಹೊರುತ್ತದೆ. ಉಕ್ಕು ಅಗ್ಗವಾಗಿ ಸಿಗುವವರೆಗೆ, ಜನಸಾಮಾನ್ಯರ ಕೈಗೆ ಎಟುಕುತ್ತಿದ್ದ ಎಳೆತ ತಾಳುವ ಕಟ್ಟಡ ಸಾಮಗ್ರಿಯೆಂದರೆ ಮರವೊಂದೇ.

ತೊಲೆಯ ಬಲಕ್ಕೆ ಗಣಿತ ಹಾಕಿದವರಲ್ಲಿ ಮೊದಲಿಗ ಗೆಲಿಲಿಯೊ. 1638ರಲ್ಲಿ ಪ್ರಕಟವಾದ ತನ್ನ ಕೊನೆಯ ಪುಸ್ತಕದಲ್ಲಿ ಆತ ತೊಲೆಯ ಬಲ ಅದರ ಅಗಲಕ್ಕೆ ನೇರ ಅನುಪಾತದಲ್ಲೂ ಎತ್ತರದ ವರ್ಗಕ್ಕೆ ಅನುಪಾತದಲ್ಲೂ ಇರುತ್ತದೆ ಎಂದು ತೋರಿಸಿದ. ಒಳಗಿನ ಎಳೆತ ಹೇಗೆ ಹಂಚಿಕೊಂಡಿದೆ ಎಂಬುದರಲ್ಲಿ ಆತ ತಪ್ಪಿದ್ದರೂ ಅನುಪಾತ ಸರಿಯಾಗಿತ್ತು. ತರಗತಿಯಲ್ಲಿ ಇದನ್ನು ತೋರಿಸಲು ಒಂದು ಅಡಿಪಟ್ಟಿ ಸಾಕು. 3 ಸೆಂ.ಮೀ. ಅಗಲ, 3 ಮಿ.ಮೀ. ದಪ್ಪದ ಪಟ್ಟಿಯನ್ನು ಚಪ್ಪಟೆಯಾಗಿ ಹಿಡಿದು ಬಾಗಿಸಿ, ಆಮೇಲೆ ಅಂಚಿನ ಮೇಲೆ ನಿಲ್ಲಿಸಿ ಬಾಗಿಸಲು ನೋಡಿ. ಬಲ 10 ಪಟ್ಟು, ಬಾಗದಿರುವ ಬಿಗುವು 100 ಪಟ್ಟು ಹೆಚ್ಚಿರುತ್ತದೆ. ಇನ್ನೊಂದು ನಿಯಮವನ್ನೂ ನೆನಪಿಡಿ: ಪ್ರತಿ ಮೀಟರಿಗೆ ಬೀಳುವ ಭಾರ ಅಷ್ಟೇ ಇದ್ದರೂ, ಗೋಡೆಗಳ ನಡುವಿನ ಅಂತರ ಇಮ್ಮಡಿಯಾದರೆ ತೊಲೆಯನ್ನು ಬಾಗಿಸುವ ಪರಿಣಾಮ ನಾಲ್ಕು ಪಟ್ಟಾಗುತ್ತದೆ.

ಚಪ್ಪಡಿಗಳ ನಾಡು

ನಮ್ಮ ಸೀಮೆಯಲ್ಲಿ ಕಲ್ಲಿಗೆ ಬರವಿಲ್ಲ. ಸುರಪುರ, ಶಹಾಪುರಗಳ ಗುಡ್ಡಗಳು ಗ್ರಾನೈಟು. ಹುಣಸಗಿಯ ಕಡೆ, ಶಹಾಬಾದ್-ವಾಡಿಗಳ ಕಡೆ ಸುಣ್ಣಕಲ್ಲು. ಬಹಳ ಹಿಂದಿನ ಸಮುದ್ರದ ತಳದಲ್ಲಿ ಪದರ ಪದರವಾಗಿ ಕೂತ ಈ ಕಲ್ಲು ತಾನಾಗಿಯೇ ಚಪ್ಪಡಿಯಾಗಿ ಏಳುತ್ತದೆ. ಹುಣಸಗಿ ಕಣಿವೆಯ ಇಸಾಂಪುರದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಮತ್ತು ಸಂಗಡಿಗರು ಉತ್ಖನನ ಮಾಡಿದಾಗ, ಆದಿಮಾನವರು ಇಂಥ ಸುಣ್ಣಕಲ್ಲಿನ ಚಪ್ಪಡಿಗಳನ್ನು ಎಬ್ಬಿಸಿ ಕೈಕೊಡಲಿ ಮಾಡಿಕೊಳ್ಳುತ್ತಿದ್ದ ಗಣಿಯೇ ಸಿಕ್ಕಿತು. ಅಲ್ಲಿ ದೊರೆತ ಪ್ರಾಣಿಗಳ ಹಲ್ಲುಗಳ ಪರೀಕ್ಷೆಯಿಂದ ಅದರ ವಯಸ್ಸು ಸುಮಾರು 12 ಲಕ್ಷ ವರ್ಷ ಎಂದು ಅಂದಾಜಿಸಲಾಗಿದೆ.

ಚಪ್ಪಡಿಯಿಂದ 'ಮನೆ' ಕಟ್ಟಿದ್ದು ಬಹಳ ಈಚೆಗೆ, ಅದೂ ಸತ್ತವರಿಗೆ. ಕೊಡೇಕಲ್ಲಿನ ಹತ್ತಿರದ ರಾಜನಕೋಳೂರಿನಲ್ಲಿರುವ ಬೃಹತ್ ಶಿಲಾ ಗೋರಿಗಳನ್ನು ಜನ ಮೋರ್ಯರ ಮನೆ ಎಂದು ಕರೆಯುತ್ತಾರೆ. 1840ರ ದಶಕದಲ್ಲಿ ಸುರಪುರ ಸಂಸ್ಥಾನದ ಆಡಳಿತ ನೋಡಿಕೊಳ್ಳಲು ಬಂದ ಮೆಡೋಸ್ ಟೇಲರ್ ಇವನ್ನು ಅಳೆದು, ಚಿತ್ರ ಬರೆದು ಹೊರಜಗತ್ತಿಗೆ ತಿಳಿಸಿದರು. ನಿಲ್ಲಿಸಿದ ಚಪ್ಪಡಿಗಳು, ಮೇಲೊಂದು ಮುಚ್ಚುಗಲ್ಲು. ಮುಚ್ಚುಗಲ್ಲು ಹೆಬ್ಬಂಡೆಯಂತಿದ್ದರೂ ಕೆಳಗಿನ ಕೋಣೆ ಮಾತ್ರ ಚಿಕ್ಕದು. ಕಲ್ಲಿನ ಕೆಳಮೈ ಹೆಚ್ಚು ಎಳೆತ ತಾಳದು ಎಂಬುದು ಆ ಕೆಲಸಗಾರರಿಗೆ ಅನುಭವದಿಂದಲೇ ತಿಳಿದಿತ್ತು. ಮುಂದೆ ಶಿರವಾಳದ ಗುಡಿಗಳನ್ನು ಕಟ್ಟಿದ ಶಿಲ್ಪಿಗಳೂ ಅದಕ್ಕಾಗಿಯೇ ಕಂಬಗಳನ್ನು ಒತ್ತೊತ್ತಾಗಿ ನಿಲ್ಲಿಸಿದರು.

ಇನ್ನು ಇಟ್ಟಿಗೆ. ಸಿಂಧೂ ಕಣಿವೆಯಲ್ಲಿ 7×14×28 ಸೆಂ.ಮೀ. ಅಳತೆಯ, ಅಂದರೆ 1:2:4 ಅನುಪಾತದ, ಇಟ್ಟಿಗೆಗಳು ಕ್ರಿ.ಪೂ. 2500ರ ಹೊತ್ತಿಗೇ ಬಳಕೆಯಲ್ಲಿದ್ದವು. ಸರಿಸುಮಾರು ಅದರ ಹಿಂದುಮುಂದಿನ ಕಾಲದಲ್ಲಿ ನಮ್ಮಲ್ಲಿ ನವಶಿಲಾಯುಗದ ದನಗಾಹಿಗಳು ಸಗಣಿಯ ರಾಶಿಗೆ ಬೆಂಕಿ ಹಚ್ಚುತ್ತಿದ್ದರು. ಸುರಪುರ ಸೀಮೆಯ ಬೂದಿಹಾಳದ ಬೂದಿದಿಬ್ಬ ಹಾಗೆ ಉಂಟಾದದ್ದು. ಊರಿನ ಹೆಸರೇ ಅದನ್ನು ಹೇಳುತ್ತದೆ. ಇಂಥ ಕೆಲವು ದಿಬ್ಬಗಳಲ್ಲಿ ಬೂದಿ ಕರಗಿ ಗಾಜಿನಂತೆ ಗಟ್ಟಿಯಾಗಿದೆ. ಇಟ್ಟಿಗೆ ಸುಡಲು ಬೇಕಾದ ಉಷ್ಣತೆ ಅವರ ಕೈಯಲ್ಲಿತ್ತು ಎಂದಾಯಿತು! ಆದರೂ ಅವರು ಇಟ್ಟಿಗೆ ಸುಡಲಿಲ್ಲ. ಬಳ್ಳಾರಿ ಕಡೆಯ ತೆಕ್ಕಲಕೋಟೆಯಲ್ಲಿ ದೊರೆತ ಅದೇ ಯುಗದ ಮನೆಗಳು ಮರದ ಗೂಟ ನೆಟ್ಟು, ತಟ್ಟಿ ಕಟ್ಟಿ, ಮಣ್ಣು ಮೆತ್ತಿದ ದುಂಡು ಗುಡಿಸಲುಗಳು. ದನಗಳ ಹಿಂದೆ ಅಲೆಯುವ ಬದುಕಿಗೆ ಅಷ್ಟು ಸಾಕಾಗಿತ್ತೆಂದು ನನಗೆ ತೋರುತ್ತದೆ. ಸುಟ್ಟ ಇಟ್ಟಿಗೆ ಈ ಭಾಗಕ್ಕೆ ಬಂದದ್ದು ಭೀಮಾ ದಂಡೆಯ ಸನ್ನತಿಯಂಥ ಊರುಗಳು ಬೆಳೆದ ಶಾತವಾಹನರ ಕಾಲದಲ್ಲಿ. ಅಲ್ಲಿಯೂ ಸನ್ನತಿಯ ಪಕ್ಕದ ಕನಗನಹಳ್ಳಿಯ ಸ್ತೂಪಕ್ಕೆ ಹೊದಿಸಿ, ಅಶೋಕನ ಮೂರ್ತಿಯನ್ನು ಕೆತ್ತಿದ್ದು ಮತ್ತದೇ ಸುಣ್ಣಕಲ್ಲಿನ ಫಲಕದ ಮೇಲೆ.

ಮರವೂ ಇಲ್ಲದೆ ಉಕ್ಕೂ ಇಲ್ಲದೆ ದೊಡ್ಡ ಜಾಗಕ್ಕೆ ಮಾಡು ಹೊದಿಸಲು ಇನ್ನೊಂದು ಉಪಾಯವಿದೆ, ಅದು ಕಮಾನು. ಒಂದು ಸರಪಳಿಯ ಎರಡು ತುದಿ ಹಿಡಿದು ಇಳಿಬಿಟ್ಟರೆ ಅದರ ಪ್ರತಿ ಕೊಂಡಿಯಲ್ಲೂ ಎಳೆತ ಮಾತ್ರ ಇರುತ್ತದೆ. ಅದೇ ಆಕಾರವನ್ನು ತಲೆಕೆಳಗು ಮಾಡಿದರೆ ಒತ್ತಡ ಮಾತ್ರ ಇರುತ್ತದೆ ಎಂದು ರಾಬರ್ಟ್ ಹುಕ್ 1675ರಲ್ಲಿ ಸೂಚಿಸಿದ. ಅಷ್ಟರಲ್ಲಿ ನಮ್ಮ ನೆರೆಯಲ್ಲಿ ಆ ಕೆಲಸ ಆಗಿಹೋಗಿತ್ತು. 1367ರ ಕಲಬುರಗಿ ಕೋಟೆಯ ಜಾಮಿ ಮಸೀದಿ ಇಡಿಯಾಗಿ ಕಮಾನು, ಗುಮ್ಮಟಗಳ ಕೆಳಗಿದೆ. 1656ರ ಹೊತ್ತಿಗೆ ಮುಗಿದ ವಿಜಯಪುರದ ಗೋಳಗುಮ್ಮಟದಲ್ಲಿ ಇಟ್ಟಿಗೆ ಮತ್ತು ಸುಣ್ಣದ ಗಾರೆಯ ಗುಮ್ಮಟ ಸುಮಾರು 38 ಮೀಟರ್ ಒಳವ್ಯಾಸದ ಜಾಗವನ್ನು ನಡುವೆ ಒಂದು ಕಂಬವೂ ಇಲ್ಲದೆ ಮುಚ್ಚುತ್ತದೆ. ಆದರೆ ಅದರ ದಪ್ಪ ಸುಮಾರು 3 ಮೀಟರ್. ಸುಣ್ಣ ಸುಡುವ ಸೌದೆ, ಇಟ್ಟಿಗೆ ಸುಡುವ ಸೌದೆ, ವರ್ಷಗಟ್ಟಲೆ ಕೂಲಿ – ಇದು ಸುಲ್ತಾನರಿಗೆ ಆದೀತು, ಕಕ್ಕೇರಾದ ರೈತನಿಗೆ ಆಗುವ ಮಾತಲ್ಲ.

ಅಂಕಣ ಎಂಬ ಅಳತೆ

ರೈತನ ಮನೆಗೆ ಮರವೇ ಗತಿ. ಇಲ್ಲಿ ಕಾಡು ಕಡಿಮೆ, ದಾಂಡೇಲಿಯ ತೇಗ ದೂರ. ಹೊಲದ ಬದುವಿನ ಬೇವು, ಕರಿಜಾಲಿ, ಹುಣಸೆ ಇಷ್ಟರಲ್ಲೇ ಮನೆ ಆಗಬೇಕು. ಬೇವು ಹುಳುವಿಗೆ ಸುಲಭಕ್ಕೆ ಬಗ್ಗದು, ಆದರೆ ನೇರವಾಗಿ ಬೆಳೆಯದು. ಜಾಲಿ ತೇಗಕ್ಕಿಂತ ಗಟ್ಟಿ, ಆದರೆ ಗಿಡ್ಡ, ಡೊಂಕು. ಅದರಲ್ಲಿ ಬಹುಪಾಲು ಗಾಡಿ, ಕುಂಟೆಗಳಿಗೇ ಹೋಗುತ್ತದೆ. ಹತ್ತು ಅಡಿ ಉದ್ದದ ನೆಟ್ಟಗಿನ ಮರ ಸಿಕ್ಕರೆ ಅದೇ ಪುಣ್ಯ. ಆದ್ದರಿಂದಲೇ ನಮ್ಮ ಕಡೆ ಮನೆಯನ್ನು ಚದರ ಅಡಿಯಲ್ಲಿ ಹೇಳುತ್ತಿರಲಿಲ್ಲ, ಅಂಕಣದಲ್ಲಿ ಹೇಳುತ್ತಿದ್ದರು. "ಅವರದು ಎಂಟು ಅಂಕಣದ ಮನಿ" ಎಂದರೆ ಸಿರಿವಂತರು ಎಂದರ್ಥ. ಕಂಬಗಳ ಎರಡು ಸಾಲಿನ ನಡುವಿನ ಜಾಗವೇ ಅಂಕಣ. ಅದರ ಅಗಲವನ್ನು ನಿರ್ಧರಿಸುತ್ತಿದ್ದುದು ಮನುಷ್ಯರ ಅಗತ್ಯವಲ್ಲ, ಮರದ ಉದ್ದ ಮತ್ತು ದಪ್ಪ. ಕೋಣೆ ದೊಡ್ಡದು ಬೇಕೆಂದರೆ ನಡುವೆ ಕಂಬ ನಿಲ್ಲಿಸಬೇಕು. ಅಜ್ಜಿಯ ಪಡಸಾಲೆಯಲ್ಲಿ ಕಂಬಗಳ ಸುತ್ತ ನಾವು ಕಣ್ಣುಮುಚ್ಚಾಲೆ ಆಡುತ್ತಿದ್ದುದಕ್ಕೆ ಕಾರಣ ಗೆಲಿಲಿಯೊನ ಸೂತ್ರ ಎಂದು ಆಗ ಯಾರಿಗೆ ಗೊತ್ತಿತ್ತು!

ಮಾಳಿಗೆಯ ರಚನೆಯನ್ನು ಸ್ವಲ್ಪ ವಿವರವಾಗಿ ನೋಡಬೇಕು. ಕಂಬದ ಮೇಲೆ ತೊಲೆ, ತೊಲೆಯಿಂದ ತೊಲೆಗೆ ಒಂದೂವರೆ ಅಡಿಗೊಂದರಂತೆ ಜಂತಿ, ಜಂತಿಗಳ ಮೇಲೆ ಚಿಲಕಿ ಎನ್ನುವ ಸಣ್ಣ ಕಟ್ಟಿಗೆಯ ಸೀಳುಗಳು, ಅದರ ಮೇಲೆ ಬೇವಿನ ಸೊಪ್ಪು, ಆಮೇಲೆ ಒಂದರಿಂದ ಒಂದೂವರೆ ಅಡಿ ಮಣ್ಣು. ತುದಿಗೆ ಕರ್ಲು ಮಣ್ಣಿನ ಲೇಪ. ಈ ಕರ್ಲು ಮಣ್ಣು ಹೊಲಕ್ಕೆ ಶಾಪ, ಮಾಳಿಗೆಗೆ ವರ. ಇದರಲ್ಲಿ ಸೋಡಿಯಂ ಲವಣಾಂಶ ಹೆಚ್ಚು. ನೀರು ತಗುಲಿದೊಡನೆ ಜೇಡಿಯ ಕಣಗಳು ಒಂದನ್ನೊಂದು ಬಿಟ್ಟು ಚದುರಿ ಸೂಕ್ಷ್ಮ ರಂಧ್ರಗಳಿಗೆ ಹೋಗಿ ಕೂರುತ್ತವೆ. ರಂಧ್ರ ಮುಚ್ಚಿದರೆ ನೀರು ಒಳಗಿಳಿಯದು. ಹೊಲದಲ್ಲಿ ನೀರು ಇಂಗದಂತೆ ಮಾಡಿ ಬೆಳೆಯನ್ನು ಕೊಲ್ಲುವ ಗುಣವೇ ಮಾಳಿಗೆಯಲ್ಲಿ ಸೋರಿಕೆ ತಡೆಯುತ್ತದೆ. ಇದನ್ನು ಕಂಡುಕೊಂಡವರು ಯಾವ ರಸಾಯನಶಾಸ್ತ್ರವನ್ನೂ ಓದಿರಲಿಲ್ಲ.

ಈಗ ತೂಕದ ಲೆಕ್ಕ. ಕೋಣೆ 3 ಮೀಟರ್ ಅಗಲ, 3.6 ಮೀಟರ್ ಉದ್ದ. ಮಣ್ಣು 45 ಸೆಂ.ಮೀ. ದಪ್ಪ ಎಂದಿಟ್ಟುಕೊಳ್ಳಿ. ಮಣ್ಣಿನ ಗಾತ್ರ 4.86 ಘನ ಮೀಟರ್. ಒಣಮಣ್ಣಿನ ಸಾಂದ್ರತೆ ಘನ ಮೀಟರಿಗೆ 1,600 ಕಿ.ಗ್ರಾಂ. ಎಂದರೂ ತೂಕ ಸುಮಾರು 7.8 ಟನ್. ಒಂದು ಲಾರಿಯ ಹೇರು ನಮ್ಮ ನೆತ್ತಿಯ ಮೇಲಿದೆ! ಒಂದೊಂದು ಜಂತಿಯ ಪಾಲಿಗೆ ಹೆಚ್ಚುಕಡಿಮೆ ಒಂದು ಟನ್. ಜಂತಿ 10 ಸೆಂ.ಮೀ. ಅಗಲ, 15 ಸೆಂ.ಮೀ. ಎತ್ತರವಿದ್ದರೆ ಅದರ ಕೆಳಮೈಯ ಎಳೆತ ಚದರ ಮಿಲಿಮೀಟರಿಗೆ ಸುಮಾರು 9.5 ನ್ಯೂಟನ್ ಬರುತ್ತದೆ. ಒಳ್ಳೆಯ ತೇಗಕ್ಕೆ ವಿನ್ಯಾಸಕಾರರು ಒಪ್ಪುವ ಮಿತಿ ಇದಕ್ಕಿಂತ ತುಸು ಮೇಲೆ. ಅಂದರೆ ಮರ ಹೊಸತಿದ್ದಾಗ ಮಾಳಿಗೆ ಕ್ಷೇಮ. ಒರಲೆ ತಿಂದು ಎತ್ತರ 15ರಿಂದ 10 ಸೆಂ.ಮೀ.ಗೆ ಇಳಿದರೆ? ವರ್ಗದ ನಿಯಮದಂತೆ ಎಳೆತ 21 ನ್ಯೂಟನ್ ದಾಟುತ್ತದೆ. ಮಳೆಗಾಲದಲ್ಲಿ ಮಣ್ಣು ನೀರು ಕುಡಿದು ತೂಕ ಐದನೇ ಒಂದು ಭಾಗ ಹೆಚ್ಚಿದರೆ ಮಾಳಿಗೆ 9.3 ಟನ್ ಆಗುತ್ತದೆ. ಅದೇ ಹೊತ್ತಿಗೆ, ಸೋರುತ್ತದೆಂದು ಮನೆಯವರು ಇನ್ನಷ್ಟು ಮಣ್ಣು ಹೊತ್ತು ಹಾಕುತ್ತಾರೆ, ಹಾಕಿದ ಮೇಲೆ ತುಳಿಯುತ್ತಾರೆ. ನಮ್ಮ ಮಾವಂದಿರು ಮಾಡಿದ್ದೂ ಅದನ್ನೇ. ಮಾಳಿಗೆಗಳು ಹಗಲಿಗಿಂತ ಮಳೆಯ ಮೂರನೆಯ ರಾತ್ರಿ ಬೀಳುವುದು ದೈವದ ಆಟವಲ್ಲ.

ಹೀಗಿದ್ದೂ ಜನ ಈ ಭಾರವನ್ನು ಯಾಕೆ ಹೊತ್ತರು? ಉತ್ತರ ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿದೆ. ದಿನಕ್ಕೊಮ್ಮೆ ಏರಿಳಿಯುವ ಶಾಖದ ಅಲೆ ಒಂದು ವಸ್ತುವಿನೊಳಗೆ ಇಳಿಯುತ್ತ ಹೋದಂತೆ ಕ್ಷೀಣಿಸುತ್ತದೆ, ತಡವೂ ಆಗುತ್ತದೆ. ಮಣ್ಣಿನಲ್ಲಿ ಸುಮಾರು ಪ್ರತಿ 12 ಸೆಂ.ಮೀ.ಗೆ ಅಲೆಯ ಎತ್ತರ ಮೂರನೇ ಒಂದರಷ್ಟಕ್ಕೆ ಇಳಿಯುತ್ತದೆ. 45 ಸೆಂ.ಮೀ. ದಾಟುವಷ್ಟರಲ್ಲಿ ಉಳಿಯುವುದು ನೂರಕ್ಕೆ ಎರಡು ಪಾಲು ಮಾತ್ರ, ಅದೂ 14-15 ಗಂಟೆ ತಡವಾಗಿ. ಮಧ್ಯಾಹ್ನ ಎರಡರ ಬಿಸಿ ಒಳಗೆ ತಲುಪುವುದು ಮರುದಿನ ಬೆಳಗಿನ ಜಾವಕ್ಕೆ! ಅಷ್ಟರಲ್ಲಿ ಹೊರಗೆ ತಂಪಾಗಿರುತ್ತದೆ. ಸರಳೀಕರಿಸಿದ ಲೆಕ್ಕವಾದರೂ, ಸುಡುಬಿಸಿಲಿನಲ್ಲಿ ಮಾಳಿಗೆ ಮನೆಯ ಒಳಹೊಕ್ಕವರಿಗೆ ಇದನ್ನು ನಂಬಲು ಕಷ್ಟವಾಗದು.

ಉಕ್ಕಿನ ಪ್ರವೇಶ

1871ರಲ್ಲಿ ಮುಂಬಯಿಯ ಕಡೆಯಿಂದ ಬಂದ ರೈಲುದಾರಿ ಮತ್ತು ಮದ್ರಾಸಿನ ಕಡೆಯಿಂದ ಬಂದ ದಾರಿ ರಾಯಚೂರಿನಲ್ಲಿ ಕೂಡಿದವು. ಈ ದಾರಿ ಶಹಾಬಾದ್, ಯಾದಗಿರಿಗಳ ಮೂಲಕ ಹಾಯುತ್ತದೆ. ಇದರಿಂದ ಶಹಾಬಾದಿನ ಫರಸಿ ದೂರದ ಪಟ್ಟಣಗಳ ನೆಲಕ್ಕೆ ಹೋಯಿತು. ಉಕ್ಕಿನ ಗರ್ಡರು ಈ ಕಡೆ ಬಂತು. ಉಳ್ಳವರು ಮರದ ಜಂತಿಯ ಬದಲು ಗರ್ಡರು ಹಾಕಿ, ಗರ್ಡರಿನಿಂದ ಗರ್ಡರಿಗೆ ಫರಸಿ ಹೊದಿಸಿ, ಮೇಲೆ ಗಾರೆ ಬಳಿದು ಮಾಳಿಗೆ ಮಾಡತೊಡಗಿದರು. ಇಲ್ಲಿನ ಹಳೆಯ ಅಂಗಡಿಗಳಲ್ಲಿ ಈಗಲೂ ಇದನ್ನು ನೋಡಬಹುದು. ಬಹಳ ಜಾಣತನದ ಜೋಡಣೆ ಇದು. ಎಳೆತ ಹೊರುವುದು ಉಕ್ಕು. ಫರಸಿಗೆ ದಾಟಬೇಕಾದ ಅಂತರ ಎರಡು-ಮೂರು ಅಡಿ ಮಾತ್ರ. ರಾಜನಕೋಳೂರಿನ ಮುಚ್ಚುಗಲ್ಲಿಗೆ ಉಕ್ಕಿನ ಕಾಲು ಕೊಟ್ಟಂತೆ!

ಅದೇ ಸುಣ್ಣಕಲ್ಲನ್ನು ಜೇಡಿಯೊಡನೆ ಅರೆದು 1,450 ಡಿಗ್ರಿಯಷ್ಟು ಕಾಯಿಸಿದರೆ ಸಿಮೆಂಟು. ಶಹಾಬಾದಿನಲ್ಲಿ 1920ರ ದಶಕದಲ್ಲಿ ಸಿಮೆಂಟ್ ಕಾರ್ಖಾನೆ ಬಂತು, ವಾಡಿಯದು 1968ರಲ್ಲಿ. ಕಾಂಕ್ರೀಟು ಎಂದರೆ ಕೃತಕ ಕಲ್ಲು; ಅದಕ್ಕೂ ಕಲ್ಲಿನ ದೌರ್ಬಲ್ಯವೇ. ಅದರ ಕೆಳಮೈಯಲ್ಲಿ ಉಕ್ಕಿನ ಸರಳು ಹುದುಗಿಸಿದಾಗ ಮಾತ್ರ ಅದು ತೊಲೆಯಾಗುತ್ತದೆ. ಉಕ್ಕೂ ಕಾಂಕ್ರೀಟೂ ಬಿಸಿಗೆ ಹಿಗ್ಗುವ ಪ್ರಮಾಣ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ಬೇಸಿಗೆಯಲ್ಲೂ ಅವು ಬೇರ್ಪಡುವುದಿಲ್ಲ. ಪ್ರಕೃತಿ ಕೊಟ್ಟ ಈ ಕಾಕತಾಳೀಯ ಇಲ್ಲದಿದ್ದರೆ ಇಂದಿನ ಸ್ಲ್ಯಾಬುಗಳೇ ಇರುತ್ತಿರಲಿಲ್ಲ. ಮೇಲಿನ ಕೋಣೆಗೇ 12 ಸೆಂ.ಮೀ. ಸ್ಲ್ಯಾಬ್ ಹಾಕಿದರೆ ತೂಕ 3.2 ಟನ್, ಅಂದರೆ ಮಣ್ಣಿನ ಮಾಳಿಗೆಯ ಅರ್ಧಕ್ಕಿಂತ ಕಡಿಮೆ. ಸ್ಲ್ಯಾಬ್ ಭಾರ, ಮಣ್ಣು ಹಗುರ ಎಂದು ನಂಬಿದವರು ನಮ್ಮಲ್ಲಿ ಬಹಳ ಮಂದಿ, ನನ್ನ ಬಿ.ಎಸ್‌ಸಿ. ವಿದ್ಯಾರ್ಥಿಗಳೂ ಲೆಕ್ಕ ಮಾಡುವವರೆಗೆ ಒಪ್ಪುವುದಿಲ್ಲ.

ಎರಡು ಸೆಪ್ಟೆಂಬರುಗಳು

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ನಾಲ್ಕು ಗಂಟೆಗೆ ಕೆಲವು ನಿಮಿಷ ಮುಂಚೆ, ನಮ್ಮ ಗಡಿಯಾಚೆಯ ಲಾತೂರು ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಮಿ ನಡುಗಿತು. ತೀವ್ರತೆ 6.2ರ ಆಸುಪಾಸು. ಪ್ರಪಂಚದ ದೊಡ್ಡ ಭೂಕಂಪಗಳಿಗೆ ಹೋಲಿಸಿದರೆ ಇದು ಮಧ್ಯಮ. ಸತ್ತವರು ಮಾತ್ರ ಹತ್ತು ಸಾವಿರದ ಹತ್ತಿರ. ಅಲ್ಲಿನ ಮನೆಗಳೂ ನಮ್ಮ ಮನೆಗಳ ಹಾಗೆಯೇ: ದಪ್ಪ ಕಲ್ಲಿನ ಗೋಡೆ, ಮಣ್ಣಿನ ಗಾರೆ, ಭಾರದ ಮಣ್ಣಿನ ಮಾಳಿಗೆ. ಗೋಡೆ ದಪ್ಪವಾಗಿ ಕಂಡರೂ ಅದು ಒಂದೇ ಗೋಡೆಯಲ್ಲ. ಒಳಮೈಗೊಂದು, ಹೊರಮೈಗೊಂದು ಕಲ್ಲಿನ ಸಾಲು, ನಡುವೆ ಚೂರುಗಲ್ಲು ಮತ್ತು ಮಣ್ಣು. ಎರಡನ್ನೂ ಹಿಡಿದಿಡುವಂತೆ ಅಡ್ಡಲಾಗಿ ಹಾಯುವ ಉದ್ದಗಲ್ಲು ಬಹುತೇಕ ಕಡೆ ಇರಲಿಲ್ಲ. ನೆಲ ಪಕ್ಕಕ್ಕೆ ಜಗ್ಗಿದಾಗ, ಮಾಳಿಗೆಯ ತೂಕದ ಹತ್ತನೇ ಒಂದು ಪಾಲು ಎಂದರೂ, ಸುಮಾರು 780 ಕಿ.ಗ್ರಾಂ. ತೂಕದಷ್ಟು ಬಲ ಗೋಡೆಯನ್ನು ಅಡ್ಡಕ್ಕೆ ನೂಕುತ್ತದೆ. ಕೆಳಕ್ಕೆ ಒತ್ತಿದರೆ ಅಲುಗದ ಗೋಡೆ ಅಡ್ಡಕ್ಕೆ ನೂಕಿದರೆ ಸೀಳುತ್ತದೆ. ಅಡ್ಡನೂಕು ಎಂದರೂ ಮತ್ತೆ ಎಳೆತವೇ.

ಅಲ್ಲಿ ಕಂಡ ಒಂದು ಸಂಗತಿಯನ್ನು ಎಂಜಿನಿಯರುಗಳು ದಾಖಲಿಸಿದ್ದಾರೆ. ಮರದ ಕಂಬ-ತೊಲೆಗಳ ಚೌಕಟ್ಟೇ ಮಾಳಿಗೆಯನ್ನು ಹೊತ್ತಿದ್ದ ಕೆಲವು ಮನೆಗಳಲ್ಲಿ ಗೋಡೆಗಳು ಹೊರಕ್ಕೆ ಬಿದ್ದರೂ ಮಾಳಿಗೆ ನಿಂತೇ ಇತ್ತು, ಒಳಗಿನವರು ಬದುಕಿದರು. ನಮ್ಮ ಅಂಕಣದ ಮನೆಯೂ ಅದೇ ಜಾತಿ. ಕಂಬಗಳಿಗೆ ಖರ್ಚು ಮಾಡಲಾಗದೆ ಜಂತಿಯ ತುದಿಯನ್ನು ನೇರವಾಗಿ ಗೋಡೆಗೆ ಸಿಕ್ಕಿಸಿದ ಬಡವರ ಮನೆಗಳಿಗೆ ಆ ಭಾಗ್ಯವಿಲ್ಲ. ಅಜ್ಜಿಯ ಮನೆಯಲ್ಲಿ ಹೋದದ್ದೂ ಹಾಗೆ ಗೋಡೆಗೆ ಸಿಕ್ಕಿಸಿದ ಜಂತಿಯೇ. ಗೋಡೆಯೊಳಗಿನ ತೇವ, ಕತ್ತಲು ಒರಲೆಗೆ ಹೇಳಿ ಮಾಡಿಸಿದ ಜಾಗ. ಅದೇ 1993ರಲ್ಲಿ ಪ್ರಕಟವಾದ ಭಾರತೀಯ ಮಾನಕ 13828, ಇಂಥ ಕಲ್ಲುಗೋಡೆಗಳಿಗೆ ಉದ್ದಗಲ್ಲುಗಳನ್ನೂ ಸುತ್ತಲೂ ಹಾಯುವ ಪಟ್ಟಿಯನ್ನೂ ವಿಧಿಸುತ್ತದೆ.

ಇನ್ನೊಂದು 2009ರದು. ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ದಿನಗಳಲ್ಲಿ ಉತ್ತರ ಒಳನಾಡಿನ ಮೇಲೆ ಬಿದ್ದ ಮಳೆಗೆ ರಾಜ್ಯದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು, ಲಕ್ಷಗಟ್ಟಲೆ ಮನೆಗಳು ಬಿದ್ದವು ಇಲ್ಲವೆ ಹಾಳಾದವು. ಹೊಳೆ ಉಕ್ಕದ ಊರುಗಳಲ್ಲೂ ಮನೆಗಳು ಕುಸಿದವು. ಚೆನ್ನಾಗಿ ಒಣಗಿದ ಮಣ್ಣಿನ ಹಸಿ ಇಟ್ಟಿಗೆ ಚದರ ಮಿಲಿಮೀಟರಿಗೆ ಒಂದೆರಡು ನ್ಯೂಟನ್ ತಾಳುತ್ತದೆ. ಪೂರ್ತಿ ನೆನೆದರೆ ಅದು ಕೆಸರು. ಮೇಲಿನ ಭಾರ ಹೆಚ್ಚುವ ಹೊತ್ತಿಗೇ ಕೆಳಗಿನ ಆಸರೆ ಕರಗುತ್ತದೆ.

ಇಟ್ಟಂಗಿ, ಬ್ಲಾಕು, ಬೂದಿ

ಇಷ್ಟಾದ ಮೇಲೆ ಜನ ಮಣ್ಣನ್ನು ಬಿಟ್ಟದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಬದಲಿಗೆ ಏನು? ನಮ್ಮ ಕಪ್ಪು ಎರೆಮಣ್ಣು ಇಟ್ಟಂಗಿಗೆ ಒಗ್ಗದು. ಅದರಲ್ಲಿನ ಜೇಡಿ ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಬಿರಿಯುತ್ತದೆ. ಅಚ್ಚಿನಿಂದ ತೆಗೆದ ಹಸಿ ಇಟ್ಟಂಗಿ ಭಟ್ಟಿ ಸೇರುವ ಮೊದಲೇ ಸೀಳು ಬಿಡುತ್ತದೆ. ಜೊತೆಗೆ ಅದರಲ್ಲಿ ಸುಣ್ಣದ ಹರಳುಗಳಿರುತ್ತವೆ. ಭಟ್ಟಿಯಲ್ಲಿ ಅವು ಸುಟ್ಟಸುಣ್ಣವಾಗಿ, ಆಮೇಲೆ ಗಾಳಿಯ ತೇವ ಹೀರಿ ಹಿಗ್ಗಿ ಇಟ್ಟಂಗಿಯ ಮೈಯನ್ನು ಒಳಗಿನಿಂದ ಸಿಡಿಸುತ್ತವೆ. ಆದ್ದರಿಂದ ಇಟ್ಟಂಗಿ ಭಟ್ಟಿಗೆ ಹೊಳೆ, ಹಳ್ಳಗಳ ಮೆಕ್ಕಲು ಮಣ್ಣೇ ಬೇಕು. ಇನ್ನು ಉರುವಲು. ಹಿಂದೆ ಸೌದೆ ಇರಲಿಲ್ಲ. ನಾರಾಯಣಪುರದ ಬಸವಸಾಗರ ಅಣೆಕಟ್ಟು 1982ರಲ್ಲಿ ಮುಗಿದು ಎಡದಂಡೆ ಕಾಲುವೆಗೆ ನೀರು ಹರಿದ ಮೇಲೆ ಜೋಳದ ನಾಡಿನಲ್ಲಿ ಭತ್ತ ಬಂತು. ಭತ್ತದ ಹೊಟ್ಟು ಭಟ್ಟಿಗೆ ಒಳ್ಳೆಯ ಉರುವಲು. ಬಳ್ಳಾರಿ ಜಾಲಿಯೂ ಎಲ್ಲೆಡೆ ಹಬ್ಬಿತು.

ಸುಡುವುದೆಂದರೆ ಶಕ್ತಿಯ ಖರ್ಚು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿ 1974ರಲ್ಲಿ ಪ್ರಾರಂಭಿಸಿದ 'ಅಸ್ತ್ರ' ಕೇಂದ್ರದಲ್ಲಿ ಕೆ.ಎಸ್. ಜಗದೀಶ್ ಮತ್ತು ಸಂಗಡಿಗರು ಗ್ರಾಮೀಣ ಮನೆಗಳ ಮೇಲೆ ಬಹುಕಾಲ ದುಡಿದರು. ಬಿ.ವಿ. ವೆಂಕಟರಾಮ ರೆಡ್ಡಿ ಮತ್ತು ಜಗದೀಶ್ 2003ರಲ್ಲಿ ಪ್ರಕಟಿಸಿದ ಲೆಕ್ಕದಂತೆ ಒಂದು ಸುಟ್ಟ ಇಟ್ಟಿಗೆಗೆ 4.25 ಮೆಗಾಜೂಲ್ ಶಕ್ತಿ ಬೇಕು. ಅದಕ್ಕಿಂತ ಎರಡೂವರೆ ಪಟ್ಟು ದೊಡ್ಡದಾದ, ನೂರಕ್ಕೆ 6 ಪಾಲು ಸಿಮೆಂಟ್ ಬೆರೆಸಿ ಯಂತ್ರದಲ್ಲಿ ಒತ್ತಿದ ಮಣ್ಣಿನ ಬ್ಲಾಕಿಗೆ 2.6 ಮೆಗಾಜೂಲ್ ಸಾಕು. ಈ ಬ್ಲಾಕನ್ನು ಸುಡುವುದಿಲ್ಲ, ನೀರು ಹಾಕಿ ಹದಗೊಳಿಸುತ್ತಾರೆ, ನೆನೆದರೂ ಕರಗುವುದಿಲ್ಲ. ಆದರೆ ಇದಕ್ಕೆ ಮರಳು ಹೆಚ್ಚಿರುವ ಕೆಂಪುಮಣ್ಣು ಹಿತ. ಎರೆಮಣ್ಣಾದರೆ ಸುಣ್ಣವನ್ನೂ ಮರಳನ್ನೂ ಬೆರೆಸಬೇಕಾಗುತ್ತದೆ. ನಮ್ಮ ಕಡೆ ಇದು ಹಬ್ಬಲಿಲ್ಲ. ಮಣ್ಣಿನದು ಎಂದರೆ ಬಡವರದು ಎಂಬ ಭಾವನೆಯೂ ಇದಕ್ಕೆ ಅಡ್ಡಬಂತೆಂದು ನನಗೆ ಅನಿಸುತ್ತದೆ.

ಹಬ್ಬಿದ್ದು ಸಿಮೆಂಟ್ ಬ್ಲಾಕು. 400×200×200 ಮಿ.ಮೀ. ಅಳತೆಯ ಟೊಳ್ಳು ಬ್ಲಾಕು ಬೇಗ ಏರುತ್ತದೆ, ಗಾರೆ ಕಡಿಮೆ ಬೇಡುತ್ತದೆ. ಆದರೆ ಎರೆಭೂಮಿಯ ಮೇಲೆ ಅಡಿಪಾಯವನ್ನು ಆಳಕ್ಕೆ, ಗರಸು ಸಿಗುವವರೆಗೆ ಒಯ್ಯದಿದ್ದರೆ ಮೊದಲ ಬೇಸಿಗೆಗೇ ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಏಳುತ್ತದೆ. ಮಣ್ಣಿನ ಗೋಡೆ ನೆಲದೊಡನೆ ಸ್ವಲ್ಪ ಹೊಂದಿಕೊಳ್ಳುತ್ತಿತ್ತು, ಇದು ಹೊಂದಿಕೊಳ್ಳದು. ರಾಯಚೂರು ಶಾಖೋತ್ಪನ್ನ ಕೇಂದ್ರ 1985ರಲ್ಲಿ ಕೆಲಸ ಆರಂಭಿಸಿತು. ನಮ್ಮ ಕಲ್ಲಿದ್ದಲಿನಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಬೂದಿ. ಇಟ್ಟಿಗೆ ತಯಾರಿಕೆಯಲ್ಲಿ ಹಾರುಬೂದಿ ಬಳಸಬೇಕೆಂದು ಕೇಂದ್ರ ಸರ್ಕಾರ 1999ರಲ್ಲಿ ಅಧಿಸೂಚನೆ ಹೊರಡಿಸಿತು. ಬೂದಿಯಲ್ಲಿನ ಸಿಲಿಕಾ ಸುಣ್ಣದೊಡನೆ ನೀರಿನಲ್ಲಿ ವರ್ತಿಸಿ ಸಿಮೆಂಟಿನಂಥ ಅಂಟು ಕೊಡುತ್ತದೆ, ಇದನ್ನೂ ಸುಡಬೇಕಿಲ್ಲ. ಬೂದಿಹಾಳದವರು ಬಿಟ್ಟುಹೋದ ಬೂದಿಯಿಂದ ಇಟ್ಟಿಗೆ ಆಗಲಿಲ್ಲ, ಶಕ್ತಿನಗರದ ಬೂದಿಯಿಂದ ಆಗುತ್ತಿದೆ!

ಅಜ್ಜಿಯ ಮನೆಯ ಜಾಗದಲ್ಲಿ ಈಗ ಮಾವನ ಮಗ ಬ್ಲಾಕಿನ ಗೋಡೆ ಎಬ್ಬಿಸಿ ಸ್ಲ್ಯಾಬ್ ಹಾಕಿಸಿದ್ದಾನೆ. ಮಳೆಗಾಲದಲ್ಲಿ ಯಾರೂ ರಾತ್ರಿ ಎದ್ದು ಮೇಲೆ ನೋಡುವುದಿಲ್ಲ. ಬೇಸಿಗೆಯಲ್ಲಿ ಮಾತ್ರ ಮನೆಯವರೆಲ್ಲ ರಾತ್ರಿ ಅಂಗಳದಲ್ಲಿ ಮಲಗುತ್ತಾರೆ. 12 ಸೆಂ.ಮೀ. ಕಾಂಕ್ರೀಟು ಶಾಖದ ಅಲೆಯನ್ನು ನೂರಕ್ಕೆ ನಲವತ್ತರಷ್ಟು ಉಳಿಸಿ, ಮೂರೇ ಗಂಟೆಯಲ್ಲಿ ಒಳಗೆ ಕಳಿಸುತ್ತದೆ. ಮಧ್ಯಾಹ್ನ ಎರಡರ ಬಿಸಿ ಸಂಜೆ ಐದಕ್ಕೇ ನೆತ್ತಿಯ ಮೇಲಿರುತ್ತದೆ, ಮಲಗುವ ಹೊತ್ತಿಗೂ ಆರಿರುವುದಿಲ್ಲ. ಕಳೆದ ಬೇಸಿಗೆ ಅವನಿಗೆ ಸ್ಲ್ಯಾಬಿನ ಮೇಲೆ ಸುಣ್ಣ ಬಳಿಸಲು ಹೇಳಿದೆ. ಬಿಳಿ ಸುಣ್ಣ ಬಿಸಿಲಿನ ಬಹುಪಾಲನ್ನು ಹಿಂದಕ್ಕೆ ಕಳಿಸುವುದರಿಂದ ಶಾಖದ ಅಲೆ ಹುಟ್ಟುವಾಗಲೇ ಗಿಡ್ಡವಾಗುತ್ತದೆ. ಶಿಕ್ಷಕರು ತಮ್ಮ ಶಾಲೆಯ ಛಾವಣಿಯ ಒಂದು ಕೊಠಡಿಯ ಮೇಲೆ ಮಾತ್ರ ಸುಣ್ಣ ಬಳಿಸಿ, ಎರಡು ಕೊಠಡಿಗಳಲ್ಲೂ ಛಾವಣಿಯಿಂದ ಒಂದೇ ದೂರದಲ್ಲಿ ಉಷ್ಣತಾಮಾಪಕ ತೂಗುಹಾಕಿ ಮಕ್ಕಳಿಂದ ಗಂಟೆಗೊಮ್ಮೆ ಬರೆಸಬಹುದು. ಮಳೆಗೆ ತೊಳೆದುಹೋಗುವುದರಿಂದ ಪ್ರತಿ ಬೇಸಿಗೆಗೂ ಸುಣ್ಣ ಹೊಸದಾಗಿ ಬಳಿಯಬೇಕು.

ಹಳೆಯ ಮನೆ ಇಳಿಸಿದಾಗ ಆ ಜಂತಿಯ ತುದಿಯ ಒಂದಡಿ ತುಂಡನ್ನು ಕತ್ತರಿಸಿ ತಂದು ನನ್ನ ಪ್ರಯೋಗಾಲಯದ ಮೇಜಿನ ಮೇಲೆ ಇಟ್ಟಿದ್ದೇನೆ. ಒಂದು ಕಡೆ ಚೇಗು ಇನ್ನೂ ಉಕ್ಕಿನಂತಿದೆ, ಮೊಳೆ ಇಳಿಯದು. ಇನ್ನೊಂದು ಕಡೆ ಬೆರಳಿಟ್ಟರೆ ಪುಡಿ ಉದುರುತ್ತದೆ. ಬಾಗುವಿಕೆಯ ಪಾಠದ ದಿನ ಅದನ್ನು ತರಗತಿಯಲ್ಲಿ ಕೈಯಿಂದ ಕೈಗೆ ದಾಟಿಸುತ್ತೇನೆ, ಉಳಿದಿರುವ ಗಟ್ಟಿ ಭಾಗದ ಎತ್ತರವನ್ನು ಮಕ್ಕಳೇ ಅಳೆದು ಲೆಕ್ಕ ಹಾಕುತ್ತಾರೆ.